ಬೋರಿಗೆ ತಕ್ಕ ಮೋಟಾರು: ಕ್ಲೌಡ್ ಸರ್ವರ್‌ಗಳ ಲೆಕ್ಕ ಇಟ್ಟು, ಅಳತೆಗೆ ತರುವುದು ಹೇಗೆ

ಬೋರು ಕೊರೆಸಿದ ಮೇಲೆ ಎಷ್ಟು ಎಚ್‌ಪಿ ಮೋಟಾರು ಇಳಿಸಬೇಕು ಎನ್ನುವುದನ್ನು ನಮ್ಮ ಕಡೆ ಯಾರೂ ಅಂದಾಜಿನ ಮೇಲೆ ತೀರ್ಮಾನಿಸುವುದಿಲ್ಲ. ಎಷ್ಟು ಅಡಿಗೆ ನೀರು ಸಿಕ್ಕಿತು, ಎಷ್ಟು ಇಂಚು ಬಿತ್ತು, ತೋಟ ಎಷ್ಟು ಎಕರೆ, ಡ್ರಿಪ್ಪೋ ಹಾಯಿ ನೀರೋ ಎಂದೆಲ್ಲ ಕೇಳಿಯೇ ಅಂಗಡಿಯವನು ಮೋಟಾರು ತೋರಿಸುತ್ತಾನೆ. ಅದೇ ಊರಿನಿಂದ ಬಂದ ನಾವು ಆಫೀಸಿನಲ್ಲಿ ಕೂತು ಕ್ಲೌಡ್ ಸರ್ವರ್ ಎಬ್ಬಿಸುವಾಗ ಮಾತ್ರ ‘ಇರಲಿ, ಒಂದು ಸೈಜ್ ದೊಡ್ಡದೇ ತಗೊಳ್ಳೋಣ’ ಎಂದು ಕ್ಲಿಕ್ ಮಾಡಿಬಿಡುತ್ತೇವೆ. ಆಮೇಲೆ ವರ್ಷಗಟ್ಟಲೆ ಆ ಕಡೆ ತಿರುಗಿ ನೋಡುವುದಿಲ್ಲ. ಗಂಟೆ ಲೆಕ್ಕದ ಬಾಡಿಗೆ ಮಾತ್ರ ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ.

ಈ ಬರಹ ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯೂಎಸ್ ಬಳಸುವ ಚಿಕ್ಕ, ಮಧ್ಯಮ ತಂಡಗಳಿಗೆ. ಇಸಿ2, ಅಂದರೆ ಎಡಬ್ಲ್ಯೂಎಸ್ ಬಾಡಿಗೆಗೆ ಕೊಡುವ ಸರ್ವರ್‌ಗಳು ಐದರಿಂದ ಐವತ್ತು ಇದ್ದು, ಅವುಗಳನ್ನು ನೋಡಿಕೊಳ್ಳಲು ಬೇರೆಯೇ ವಿಭಾಗ ಇಲ್ಲದ ಕಡೆ ಕೆಲಸ ಮಾಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಆಜೂರ್, ಗೂಗಲ್ ಕ್ಲೌಡ್‌ನಲ್ಲಿ ಬಟನ್‌ಗಳ ಹೆಸರು ಬೇರೆಯಾದರೂ ಕೆಲಸದ ಕ್ರಮ ಇದೇ.

ಶುರುವಿನಲ್ಲೇ ಒಂದು ಮಾತು. ಕೆಲವು ವರ್ಷಗಳ ಹಿಂದೆ ನಾನು ಸಿಪಿಯು ಗ್ರಾಫ್ ಒಂದನ್ನೇ ನೋಡಿ ಒಂದು ಡೇಟಾಬೇಸ್ ಸರ್ವರನ್ನು ಎಂ5.ಎಕ್ಸ್‌ಲಾರ್ಜ್‌ನಿಂದ ಎಂ5.ಲಾರ್ಜ್‌ಗೆ ಇಳಿಸಿದ್ದೆ. ಅಂದರೆ ಮೆಮೊರಿ 16 ಜಿಬಿಯಿಂದ 8 ಜಿಬಿಗೆ ಬಂತು. ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್‌ನ ಬಫರ್ ಪೂಲ್ (ಓದಿದ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಮಾತ್ರ ಸೆಟ್ಟಿಂಗ್‌ನಲ್ಲಿ 10 ಜಿಬಿ ಎಂದೇ ಬರೆದಿತ್ತು. ಸರ್ವರ್ ಸಲೀಸಾಗಿ ಎದ್ದಿತು, ಹಗಲೆಲ್ಲ ಓಡಿತು, ಎಲ್ಲ ಸರಿಯಾಯಿತು ಎಂದುಕೊಂಡು ಮನೆಗೆ ಹೋದೆ. ಬಫರ್ ಪೂಲ್ ಎದ್ದ ತಕ್ಷಣ ಪೂರ್ತಿ ಮೆಮೊರಿಯನ್ನು ಹಿಡಿಯುವುದಿಲ್ಲ, ಡೇಟಾ ಓದಿದಂತೆಲ್ಲ ತುಂಬುತ್ತಾ ಹೋಗುತ್ತದೆ. ರಾತ್ರಿ ಬ್ಯಾಕಪ್ ಎಲ್ಲ ಟೇಬಲ್‌ಗಳನ್ನು ಓದತೊಡಗಿದಾಗ ಮೆಮೊರಿ ಮುಗಿದು, ಲಿನಕ್ಸ್ ಡೇಟಾಬೇಸನ್ನೇ ಕೊಂದು ಹಾಕಿತು. ಬೆಳಿಗ್ಗೆ ಗ್ರಾಹಕರ ಫೋನು ಬಂದಾಗಲೇ ನನಗೆ ಗೊತ್ತಾದದ್ದು. ಆ ಸರ್ವರ್‌ನ ಸಿಪಿಯು ಆಗಲೂ 7 ಪರ್ಸೆಂಟ್ ದಾಟಿರಲಿಲ್ಲ. ಇಲ್ಲಿ ಹೇಳುವ ಕ್ರಮ ಆ ರಾತ್ರಿಯಿಂದ ರೂಢಿಯಾದದ್ದು: ಮೊದಲು ಪಟ್ಟಿ, ನಂತರ ಮೆಮೊರಿಯನ್ನೂ ಸೇರಿಸಿ ಅಳತೆ, ಅದಾದ ಮೇಲೆ ಕತ್ತರಿ.

ಹೆಜ್ಜೆ 1: ಯಾರ ಸರ್ವರ್, ಯಾಕಾಗಿ?

ಇಸಿ2 ಕನ್ಸೋಲ್ ಒಂದು ಸಲಕ್ಕೆ ಒಂದೇ ರೀಜನ್ (ಎಡಬ್ಲ್ಯೂಎಸ್ ಡೇಟಾ ಸೆಂಟರ್‌ಗಳಿರುವ ಒಂದು ಪ್ರದೇಶ) ತೋರಿಸುತ್ತದೆ. ಮುಂಬೈ ರೀಜನ್ 2016ರಲ್ಲೂ ಹೈದರಾಬಾದ್ ರೀಜನ್ 2022ರಲ್ಲೂ ಶುರುವಾದವು. ನಿಮ್ಮ ಅಕೌಂಟ್ ಹಳೆಯದಾಗಿದ್ದರೆ ಸಿಂಗಪುರದಲ್ಲೋ ನಾರ್ತ್ ವರ್ಜೀನಿಯಾದಲ್ಲೋ ಏನಾದರೂ ಉಳಿದಿರುವ ಸಾಧ್ಯತೆ ಹೆಚ್ಚು. ಗ್ಲೋಬಲ್ ವ್ಯೂ ಎಂಬ ಪುಟ ತೆರೆದರೆ ಎಲ್ಲ ರೀಜನ್‌ಗಳ ಸರ್ವರ್, ಡಿಸ್ಕ್, ನೆಟ್‌ವರ್ಕ್ ಒಟ್ಟಿಗೆ ಕಾಣುತ್ತವೆ. ಅಲ್ಲಿಂದ ಪಟ್ಟಿಯನ್ನು ಡೌನ್‌ಲೋಡ್ ಮಾಡಿಕೊಂಡು ಒಂದು ಶೀಟಿಗೆ ಹಾಕಿ.

ಶೀಟಿನ ಕಾಲಂಗಳಲ್ಲಿ ಇನ್‌ಸ್ಟನ್ಸ್ ಐಡಿ (ಒಂದೊಂದು ಸರ್ವರ್‌ನ ಗುರುತು), ಟೈಪ್, ರೀಜನ್ ತಾವಾಗಿಯೇ ಬರುತ್ತವೆ. ಕೈಯಿಂದ ತುಂಬಬೇಕಾದ ಕಾಲಂಗಳೇ ಮುಖ್ಯ: ಇದು ಏನು ಕೆಲಸ ಮಾಡುತ್ತದೆ, ಯಾರು ಇದಕ್ಕೆ ಉತ್ತರ ಕೊಡುತ್ತಾರೆ, ರಾತ್ರಿ ಬೇಕೇ, ಭಾನುವಾರ ಬೇಕೇ, ತಿಂಗಳ ಯಾವ ದಿನ ಇದಕ್ಕೆ ಕೆಲಸ ಜಾಸ್ತಿ. ‘ಯಾರು’ ಎನ್ನುವ ಕಡೆ ತಂಡದ ಹೆಸರು ಹಾಕಬೇಡಿ, ಒಬ್ಬ ವ್ಯಕ್ತಿಯ ಹೆಸರೇ ಇರಲಿ. ಬ್ಯಾಕೆಂಡ್ ಟೀಮ್ ಎಂದು ಬರೆದ ಸರ್ವರ್‌ಗೆ ಕೊನೆಗೆ ಯಾರೂ ಉತ್ತರ ಕೊಡುವುದಿಲ್ಲ.

ಶೀಟಿನಲ್ಲಿ ತುಂಬಿದ್ದನ್ನೇ ಸರ್ವರ್‌ಗೆ ಟ್ಯಾಗ್ ಆಗಿ ಹಾಕಿ. ಒಂದು ರಿಸೋರ್ಸ್‌ಗೆ 50 ಟ್ಯಾಗ್ ಹಾಕಬಹುದು, ಆದರೆ ನಾಲ್ಕು ಸಾಕು: ಮಾಲೀಕ, ಪ್ರಾಜೆಕ್ಟ್, ಪ್ರೊಡಕ್ಷನ್ನೋ ಟೆಸ್ಟೋ ಎನ್ನುವುದು, ಓಡಬೇಕಾದ ಸಮಯ. ಟ್ಯಾಗ್ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಎಂದು ಎಡಬ್ಲ್ಯೂಎಸ್ ಎಣಿಸುತ್ತದೆ. ಒಬ್ಬರು ‘ಓನರ್’ ಅನ್ನು ದೊಡ್ಡಕ್ಷರದಿಂದ, ಇನ್ನೊಬ್ಬರು ಸಣ್ಣಕ್ಷರದಿಂದ ಬರೆದರೆ ರಿಪೋರ್ಟಿನಲ್ಲಿ ಅವು ಎರಡು ಬೇರೆ ಟ್ಯಾಗ್‌ಗಳು. ಮೊದಲೇ ಒಂದು ರೂಪ ನಿಶ್ಚಯಿಸಿಕೊಳ್ಳಿ. ಇನ್ನೊಂದು ವಿಷಯ: ಟ್ಯಾಗ್ ಹಾಕಿದ ಮಾತ್ರಕ್ಕೆ ಅದು ಬಿಲ್ಲಿನಲ್ಲಿ ಕಾಣುವುದಿಲ್ಲ. ಬಿಲ್ಲಿಂಗ್ ವಿಭಾಗದ ಕಾಸ್ಟ್ ಅಲೊಕೇಶನ್ ಟ್ಯಾಗ್ಸ್ ಪುಟಕ್ಕೆ ಹೋಗಿ ಒಂದೊಂದನ್ನೂ ಆಕ್ಟಿವೇಟ್ ಮಾಡಬೇಕು. ಒಂದು ದಿನ ಕಳೆದ ಮೇಲೆ ಕಾಸ್ಟ್ ಎಕ್ಸ್‌ಪ್ಲೋರರ್‌ನಲ್ಲಿ ಪ್ರಾಜೆಕ್ಟ್‌ವಾರು ಖರ್ಚು ಬಿಡಿಬಿಡಿಯಾಗಿ ಕಾಣತೊಡಗುತ್ತದೆ.

ಪಟ್ಟಿ ಮಾಡುವಾಗ ‘ಇದು ನಂದಲ್ಲ’ ಎಂದು ಎಲ್ಲರೂ ಹೇಳುವ ಒಂದೆರಡು ಸರ್ವರ್ ಸಿಕ್ಕೇ ಸಿಗುತ್ತವೆ. ಅವುಗಳನ್ನು ಟರ್ಮಿನೇಟ್ ಮಾಡಬೇಡಿ, ಅಂದರೆ ಶಾಶ್ವತವಾಗಿ ಅಳಿಸಬೇಡಿ. ಡಿಸ್ಕಿನ ಸ್ನ್ಯಾಪ್‌ಶಾಟ್ (ಆ ಕ್ಷಣದ ನಕಲು) ತೆಗೆದು ಸ್ಟಾಪ್ ಮಾಡಿ, ಪೂರ್ತಿ ಒಂದು ತಿಂಗಳು ಬಿಡಿ. ತಿಂಗಳ ಕೊನೆಯ ಸಂಬಳದ ಲೆಕ್ಕಕ್ಕೆ ಮಾತ್ರ ಏಳುವ ಸ್ಕ್ರಿಪ್ಟ್ ಒಂದು ಅದರೊಳಗೆ ಇರಬಹುದು. ಸ್ಟಾಪ್ ಮಾಡಿದ ಸರ್ವರ್‌ಗೆ ಗಂಟೆಯ ಬಾಡಿಗೆ ನಿಲ್ಲುತ್ತದೆ, ಡಿಸ್ಕಿನ ಬಾಡಿಗೆ ಮತ್ತು ಅದಕ್ಕೆ ಅಂಟಿದ ಎಲಾಸ್ಟಿಕ್ ಐಪಿಯ (ಬದಲಾಗದ ಇಂಟರ್ನೆಟ್ ವಿಳಾಸದ) ಬಾಡಿಗೆ ನಿಲ್ಲುವುದಿಲ್ಲ. 2024ರ ಫೆಬ್ರವರಿ 1ರಿಂದ, ಬಳಕೆಯಲ್ಲಿರುವ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ 0.005 ಡಾಲರ್ ಬೀಳುತ್ತಿದೆ, ತಿಂಗಳಿಗೆ ಒಂದಕ್ಕೆ ಸುಮಾರು 3.65 ಡಾಲರ್. ಆದ್ದರಿಂದ ಯಾವ ಸರ್ವರ್‌ಗೆ ಪಬ್ಲಿಕ್ ಐಪಿ ನಿಜಕ್ಕೂ ಬೇಕು ಎನ್ನುವ ಕಾಲಂ ಒಂದನ್ನೂ ಸೇರಿಸಿಕೊಳ್ಳಿ.

ಸ್ಟಾಪ್ ಮಾಡುವ ಮುನ್ನ ಅದು ಆಟೋ ಸ್ಕೇಲಿಂಗ್ ಗ್ರೂಪಿಗೆ (ಸರ್ವರ್‌ಗಳ ಸಂಖ್ಯೆಯನ್ನು ತಾನಾಗಿ ಹೆಚ್ಚು ಕಡಿಮೆ ಮಾಡುವ ಗುಂಪಿಗೆ) ಸೇರಿದೆಯೇ ನೋಡಿ. ಸೇರಿದ್ದರೆ ಗ್ರೂಪ್ ಅದನ್ನು ಕೆಟ್ಟುಹೋಯಿತು ಎಂದು ತಿಳಿದು ಟರ್ಮಿನೇಟ್ ಮಾಡಿ, ಆ ಜಾಗಕ್ಕೆ ಹೊಸದನ್ನು ಎಬ್ಬಿಸುತ್ತದೆ. ಅಂಥವುಗಳ ಸೈಜ್ ಬದಲಿಸುವುದೂ ಒಂದೊಂದಾಗಿ ಅಲ್ಲ, ಹೊಸ ಸರ್ವರ್ ಹೇಗಿರಬೇಕೆಂದು ಬರೆದಿಟ್ಟ ಲಾಂಚ್ ಟೆಂಪ್ಲೇಟ್‌ನಲ್ಲಿ.

ಹೆಜ್ಜೆ 2: ಮೆಮೊರಿಯ ಅಳತೆ ಶುರುಮಾಡಿ

ಏನೂ ಮಾಡದೆಯೇ ಎಡಬ್ಲ್ಯೂಎಸ್‌ನ ಅಳತೆ ಸೇವೆ ಕ್ಲೌಡ್‌ವಾಚ್ ಪ್ರತಿ 5 ನಿಮಿಷಕ್ಕೆ ಸಿಪಿಯು, ನೆಟ್‌ವರ್ಕ್, ಡಿಸ್ಕ್ ಓದು-ಬರಹ ದಾಖಲಿಸುತ್ತದೆ. ಇದಕ್ಕೆ ದುಡ್ಡಿಲ್ಲ. ಮೆಮೊರಿ ಮಾತ್ರ ಅದರಲ್ಲಿ ಇರುವುದಿಲ್ಲ. ಸರ್ವರ್‌ನ ಹೊರಗಿನಿಂದ ನೋಡುವ ಎಡಬ್ಲ್ಯೂಎಸ್‌ಗೆ ಒಳಗೆ ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಹಿಡಿದಿದೆ ಎಂಬುದು ಕಾಣುವುದಿಲ್ಲ. ಒಳಗೆ ಕ್ಲೌಡ್‌ವಾಚ್ ಏಜೆಂಟ್ ಎಂಬ ಚಿಕ್ಕ ಪ್ರೋಗ್ರಾಂ ಒಂದನ್ನು ಕೂರಿಸಬೇಕು. ಈ ಒಂದು ಕೆಲಸವನ್ನು ಬಿಟ್ಟು ಮುಂದಿನ ಯಾವ ಹೆಜ್ಜೆಗೂ ಹೋಗಬೇಡಿ ಎಂದು ಒತ್ತಿ ಹೇಳುತ್ತೇನೆ.

ಏಜೆಂಟ್ ಕೂರಿಸಲು, ಸರ್ವರ್‌ಗೆ ಅಂಟಿದ ಐಎಎಂ ರೋಲ್‌ಗೆ (ಸರ್ವರ್ ಏನೇನು ಮಾಡಬಹುದು ಎನ್ನುವ ಅನುಮತಿಗಳ ಗುಚ್ಛಕ್ಕೆ) ‘ಕ್ಲೌಡ್‌ವಾಚ್ ಏಜೆಂಟ್ ಸರ್ವರ್ ಪಾಲಿಸಿ’ ಎಂಬ ಸಿದ್ಧ ಅನುಮತಿ ಕೊಡಿ. ನಂತರ ಸಿಸ್ಟಮ್ಸ್ ಮ್ಯಾನೇಜರ್‌ನ ರನ್ ಕಮಾಂಡ್‌ನಿಂದ ಏಜೆಂಟ್ ಇನ್‌ಸ್ಟಾಲ್ ಮಾಡಿ. ಕಾನ್ಫಿಗ್ ಫೈಲಿನಲ್ಲಿ ಮೆಮೊರಿ ಬಳಕೆಯ ಪರ್ಸೆಂಟ್, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಬಳಕೆ, ರೂಟ್ ಡಿಸ್ಕಿನ ಬಳಕೆ, ಈ ಮೂರನ್ನು ಮಾತ್ರ ಕೇಳಿ. ಸಿದ್ಧ ಮಾದರಿಯನ್ನು ಹಾಗೇ ಬಳಸಿದರೆ ಪ್ರತಿ ಮೌಂಟ್‌ಗೂ (ಜೋಡಿಸಿದ ಡಿಸ್ಕ್ ಭಾಗಕ್ಕೂ) ಒಂದೊಂದು ಮೆಟ್ರಿಕ್, ಅಂದರೆ ಅಳತೆ, ಹುಟ್ಟಿಕೊಳ್ಳುತ್ತದೆ. ಇವೆಲ್ಲ ಕಸ್ಟಮ್ ಮೆಟ್ರಿಕ್‌ಗಳು: ಮೊದಲ 10 ಉಚಿತ, ಆಮೇಲೆ ಒಂದಕ್ಕೆ ತಿಂಗಳಿಗೆ 0.30 ಡಾಲರ್. ಇಪ್ಪತ್ತು ಸರ್ವರ್‌ಗೆ ಮೂರರಂತೆ ಆದರೆ ಹೊರೆಯಲ್ಲ, ಮೂವತ್ತರಂತೆ ಆದರೆ ಉಳಿಸಲು ಹೊರಟದ್ದು ಅಲ್ಲೇ ಹೋಗುತ್ತದೆ. ಪ್ರತಿ ಅಳತೆಯ ಜೊತೆಗೆ ಇನ್‌ಸ್ಟನ್ಸ್ ಐಡಿ ಸೇರುವಂತೆ ಕಾನ್ಫಿಗ್‌ನಲ್ಲಿ ಹಾಕಿ. ಅದಿಲ್ಲದಿದ್ದರೆ ಮುಂದೆ ಬರುವ, ಸರಿಯಾದ ಸೈಜ್ ಸೂಚಿಸುವ ಕಂಪ್ಯೂಟ್ ಆಪ್ಟಿಮೈಜರ್‌ಗೆ ಈ ಮೆಮೊರಿ ಯಾವ ಸರ್ವರ್‌ನದ್ದು ಎಂದು ತಿಳಿಯುವುದಿಲ್ಲ.

ಏಜೆಂಟ್ ಬರುವವರೆಗೆ ತಕ್ಷಣದ ಅಂದಾಜು ಬೇಕಿದ್ದರೆ ಸರ್ವರ್‌ಗೆ ಲಾಗಿನ್ ಆಗಿ ‘ಫ್ರೀ’ ಕಮಾಂಡ್ ಕೊಡಿ. ‘ಫ್ರೀ’ ಎಂಬ ಕಾಲಂ ನೋಡಿ ಗಾಬರಿಯಾಗುವವರು ಬಹಳ. ಲಿನಕ್ಸ್ ಖಾಲಿ ಇರುವ ಮೆಮೊರಿಯನ್ನೆಲ್ಲ ಫೈಲುಗಳ ಕ್ಯಾಷ್‌ಗೆ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ಕೊನೆಯ ‘ಅವೈಲಬಲ್’ ಕಾಲಂ. ಜೊತೆಗೆ ಸ್ವಾಪ್ ಸಾಲಿನ ‘ಯೂಸ್ಡ್’ ಕಾಲಂನಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ, ಆ ಸರ್ವರ್‌ಗೆ ಈಗಾಗಲೇ ಮೆಮೊರಿ ಸಾಲದೇ ಬಂದ ದಿನವೊಂದು ಇತ್ತು ಎಂದು ಗುರುತು ಹಾಕಿಕೊಳ್ಳಿ.

ಹೆಜ್ಜೆ 3: ಎಷ್ಟು ದಿನ ಅಳೆಯಬೇಕು?

ಎಲ್ಲ ಕಡೆ ‘ಎರಡು ವಾರ’ ಎಂಬ ಉತ್ತರ ಸಿಗುತ್ತದೆ. ಎಡಬ್ಲ್ಯೂಎಸ್‌ನ ಕಂಪ್ಯೂಟ್ ಆಪ್ಟಿಮೈಜರ್ ಕೂಡ ಮೊದಲಿಗೆ ಕಳೆದ 14 ದಿನಗಳನ್ನೇ ನೋಡುತ್ತದೆ. ಎರಡು ವಾರ ಸಾಲದ ಜಾಗ ಯಾವುದು ಎಂದು ಒಂದು ಉದಾಹರಣೆಯಿಂದ ತೋರಿಸುತ್ತೇನೆ.

ಆಡಿಟರ್‌ಗಳು ಬಳಸುವ ಜಿಎಸ್‌ಟಿ ಸಾಫ್ಟ್‌ವೇರ್ ಒಂದರ ಸರ್ವರ್ ಎಂದುಕೊಳ್ಳಿ. ಪ್ರತಿ ತಿಂಗಳು ಫೈಲ್ ಮಾಡುವವರಿಗೆ ಜಿಎಸ್‌ಟಿಆರ್-1ರ ಕೊನೆ ದಿನ 11, ಜಿಎಸ್‌ಟಿಆರ್-3ಬಿಯ ಕೊನೆ ದಿನ 20. ಹಾಗಾಗಿ ತಿಂಗಳ 9, 10, 11 ಮತ್ತು 18, 19, 20ರಂದು ಸರ್ವರ್ ಏದುಸಿರು ಬಿಡುತ್ತದೆ. ಉಳಿದ ದಿನ ಅರೆನಿದ್ದೆ. ಈಗ ನೀವು 21ನೇ ತಾರೀಖು ಅಳತೆ ಶುರುಮಾಡಿ, ಮುಂದಿನ ತಿಂಗಳು 4ಕ್ಕೆ ಎರಡು ವಾರ ಮುಗಿಯಿತೆಂದು ರಿಪೋರ್ಟ್ ನೋಡಿದರೆ ಏನಾಗುತ್ತದೆ? ಎರಡು ಗಡುವುಗಳಲ್ಲಿ ಒಂದೂ ಆ ಹದಿನಾಲ್ಕು ದಿನದೊಳಗೆ ಇಲ್ಲ. ‘ಈ ಸರ್ವರ್ ತೀರಾ ದೊಡ್ಡದು, ಕಾಲು ಭಾಗ ಸಾಕು’ ಎಂದು ರಿಪೋರ್ಟ್ ಹೇಳುತ್ತದೆ, ನೀವು ಇಳಿಸುತ್ತೀರಿ, 10ನೇ ತಾರೀಖು ರಾತ್ರಿ ರಾಜ್ಯದ ಆಡಿಟರ್‌ಗಳೆಲ್ಲ ನಿಮ್ಮನ್ನು ಹುಡುಕುತ್ತಾರೆ.

ಅದಕ್ಕೇ ಶೀಟಿನಲ್ಲಿ ‘ಯಾವ ದಿನ ಕೆಲಸ ಜಾಸ್ತಿ’ ಎಂಬ ಕಾಲಂ ಇಡಲು ಹೇಳಿದ್ದು. ಕಾಲೇಜಿನ ಫಲಿತಾಂಶದ ಸರ್ವರ್‌ಗೆ ವರ್ಷಕ್ಕೆ ಒಂದೆರಡು ದಿನ, ಸಂಬಳದ ಸಾಫ್ಟ್‌ವೇರ್‌ಗೆ ತಿಂಗಳ ಕೊನೆ, ಊಟ ತರಿಸುವ ಆ್ಯಪ್‌ಗೆ ದಿನವೂ ರಾತ್ರಿ ಎಂಟರ ಹೊತ್ತು. ನಿಮ್ಮ ಕೆಲಸದ ಒಂದು ಪೂರ್ತಿ ಸುತ್ತು ಅಳತೆಯೊಳಗೆ ಬರಲಿ. ಕ್ಲೌಡ್‌ವಾಚ್ 5 ನಿಮಿಷದ ಅಂಕಿಗಳನ್ನು 63 ದಿನ, 1 ಗಂಟೆಯ ಅಂಕಿಗಳನ್ನು 455 ದಿನ ಇಟ್ಟುಕೊಳ್ಳುವುದರಿಂದ ಸಿಪಿಯುವಿನ ಹಳೆಯ ಪೀಕ್ ದಿನಗಳನ್ನು ಹಿಂತಿರುಗಿ ನೋಡಬಹುದು. ಮೆಮೊರಿಗೆ ಆ ಅನುಕೂಲ ಏಜೆಂಟ್ ಕೂರಿಸಿದ ದಿನದಿಂದ ಮಾತ್ರ. ಆದ್ದರಿಂದ ಇವತ್ತು ಸೈಜ್ ಬದಲಿಸುವ ಯೋಚನೆ ಇಲ್ಲದಿದ್ದರೂ ಏಜೆಂಟನ್ನು ಇವತ್ತೇ ಕೂರಿಸಿ.

ಹೆಜ್ಜೆ 4: ಗ್ರಾಫ್ ಓದುವುದು

ಆವರೇಜ್ ನೋಡಬೇಡಿ. ಒಂದು ನಿಮಿಷ ಸಿಪಿಯು 100 ಪರ್ಸೆಂಟ್ ಓಡಿ, ಉಳಿದ ನಾಲ್ಕು ನಿಮಿಷ ಸುಮ್ಮನಿದ್ದರೆ 5 ನಿಮಿಷದ ಆವರೇಜ್ 20. ಗ್ರಾಫಿನಲ್ಲಿ ಆ ಸರ್ವರ್ ಆರಾಮಾಗಿದೆ, ಆ ಒಂದು ನಿಮಿಷ ಕಾದ ಗ್ರಾಹಕ ಆರಾಮಾಗಿಲ್ಲ. ಕ್ಲೌಡ್‌ವಾಚ್‌ನ ಸ್ಟಾಟಿಸ್ಟಿಕ್ ಎಂಬ ಕಡೆ ಪಿ99 ಮತ್ತು ಮ್ಯಾಕ್ಸಿಮಮ್ ಎರಡನ್ನೂ ಹಾಕಿ. ಪಿ99 ಎಂದರೆ ನೂರರಲ್ಲಿ ತೊಂಬತ್ತೊಂಬತ್ತು ಅಳತೆಗಳು ಇದಕ್ಕಿಂತ ಕೆಳಗಿವೆ ಎಂದು. ಮ್ಯಾಕ್ಸಿಮಮ್ ಒಂದನ್ನೇ ನಂಬಿದರೆ, ಸರ್ವರ್ ರೀಸ್ಟಾರ್ಟ್ ಆದಾಗಿನ ಒಂದು ಕ್ಷಣದ ಏರಿಕೆ ನಿಮ್ಮ ಕೈ ಕಟ್ಟಿಹಾಕುತ್ತದೆ. ಪಿ99ಕ್ಕೂ ಮ್ಯಾಕ್ಸಿಮಮ್‌ಗೂ ಬಹಳ ಅಂತರ ಇದ್ದ ಕಡೆ ಒಂದು ವಾರ ಡೀಟೇಲ್ಡ್ ಮಾನಿಟರಿಂಗ್ ಆನ್ ಮಾಡಿ, 1 ನಿಮಿಷದ ಅಂಕಿ ಸಿಗುತ್ತದೆ. ಅದಕ್ಕೆ ದುಡ್ಡಿದೆ, ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಮೆಮೊರಿಯಲ್ಲಿ ಮಾತ್ರ ಮ್ಯಾಕ್ಸಿಮಮ್ಮೇ ಲೆಕ್ಕ. ಸಿಪಿಯು ಸಾಲದಿದ್ದರೆ ಕೆಲಸ ನಿಧಾನವಾಗುತ್ತದೆ, ಮೆಮೊರಿ ಸಾಲದಿದ್ದರೆ ಕೆಲಸ ಸಾಯುತ್ತದೆ.

ಗ್ರಾಫಿನ ಸಮಯ ಯುಟಿಸಿಯಲ್ಲಿದ್ದರೆ ಲೋಕಲ್ ಟೈಮ್‌ಗೆ ಬದಲಿಸಿಕೊಳ್ಳಿ. ನಮ್ಮ ಬೆಳಿಗ್ಗೆ 7:30 ಅಲ್ಲಿ 2:00. ರಾತ್ರಿ 8:30ಕ್ಕೆ ಏಳುವ ಕೆಲಸವೊಂದನ್ನು ಮಧ್ಯಾಹ್ನ 3ರ ಟ್ರಾಫಿಕ್ ಎಂದು ಓದಿ ತಪ್ಪು ತೀರ್ಮಾನಕ್ಕೆ ಬಂದವರನ್ನು ನೋಡಿದ್ದೇನೆ.

ಹೆಜ್ಜೆ 5: ಯಾವ ಸೈಜ್?

ಹೆಸರು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಎಂ5.ಎಕ್ಸ್‌ಲಾರ್ಜ್ ಎಂದರೆ ಎಂ ಕುಟುಂಬ, ಐದನೇ ತಲೆಮಾರು, ಎಕ್ಸ್‌ಲಾರ್ಜ್ ಗಾತ್ರ. ಒಂದು ವಿಸಿಪಿಯುಗೆ (ಸರ್ವರ್‌ಗೆ ಸಿಗುವ ಪ್ರೊಸೆಸರ್ ಪಾಲಿನ ಒಂದು ಘಟಕಕ್ಕೆ) ಸಿ ಕುಟುಂಬದಲ್ಲಿ 2 ಜಿಬಿ, ಎಂ ಕುಟುಂಬದಲ್ಲಿ 4, ಆರ್ ಕುಟುಂಬದಲ್ಲಿ 8 ಜಿಬಿ ಮೆಮೊರಿ ಎಂಬುದು ಸ್ಥೂಲ ಸೂತ್ರ. ಕುಟುಂಬದೊಳಗೆ ಒಂದು ಗಾತ್ರ ಮೇಲೆ ಹೋದರೆ ಸಾಮಾನ್ಯವಾಗಿ ಎರಡೂ ದುಪ್ಪಟ್ಟು, ಬಾಡಿಗೆಯೂ ದುಪ್ಪಟ್ಟು. ಅಂಕಿಯ ನಂತರ ಜಿ ಇದ್ದರೆ ಅದು ಗ್ರಾವಿಟಾನ್, ಅಂದರೆ ಎಆರ್‌ಎಂ ಪ್ರೊಸೆಸರ್. ಬೆಲೆ ಕಡಿಮೆ, ಆದರೆ ಈಗಿನ ಇಂಟೆಲ್ ಸರ್ವರನ್ನು ಸ್ಟಾಪ್ ಮಾಡಿ ಅದಕ್ಕೆ ಬದಲಿಸಲು ಆಗುವುದಿಲ್ಲ. ಹೊಸ ಎಎಂಐ (ಸರ್ವರ್ ಎಬ್ಬಿಸುವ ಸಿದ್ಧ ಅಚ್ಚು), ಹೊಸದಾಗಿ ಬಿಲ್ಡ್ ಮಾಡಿದ ಸಾಫ್ಟ್‌ವೇರ್ ಬೇಕು. ಅದನ್ನು ಬೇರೆಯೇ ಪ್ರಾಜೆಕ್ಟ್ ಆಗಿ ಇಟ್ಟುಕೊಳ್ಳಿ.

ಮೇಲಿನ ಜಿಎಸ್‌ಟಿ ಸರ್ವರನ್ನೇ ತೆಗೆದುಕೊಂಡು ಲೆಕ್ಕ ಮಾಡೋಣ. ಈಗಿರುವುದು ಎಂ5.2ಎಕ್ಸ್‌ಲಾರ್ಜ್: 8 ವಿಸಿಪಿಯು, 32 ಜಿಬಿ. ಎರಡೂ ಗಡುವುಗಳು ಸೇರಿದ ಒಂದು ತಿಂಗಳ ಅಳತೆಯಲ್ಲಿ ಸಿಪಿಯು ಪಿ99 ಶೇ 31, ಮೆಮೊರಿಯ ಗರಿಷ್ಠ 13 ಜಿಬಿ ಎಂದುಕೊಳ್ಳಿ. 8ರಲ್ಲಿ ಶೇ 31 ಎಂದರೆ ಸುಮಾರು ಎರಡೂವರೆ ವಿಸಿಪಿಯು. ಈಗ ಬೇಕಾದದ್ದು ಎರಡೂವರೆ ವಿಸಿಪಿಯು ಮತ್ತು 13 ಜಿಬಿ, ಮೇಲೆ ಸ್ವಲ್ಪ ಉಸಿರಾಡುವ ಜಾಗ.

ಆರ್5.ಲಾರ್ಜ್‌ನಲ್ಲಿ 16 ಜಿಬಿ ಇದೆ, ಆದರೆ 2 ವಿಸಿಪಿಯು ಮಾತ್ರ, ಸಾಲದು. ಎಂ5.ಎಕ್ಸ್‌ಲಾರ್ಜ್‌ನಲ್ಲಿ 4 ವಿಸಿಪಿಯು, 16 ಜಿಬಿ. ಸಿಪಿಯು ಪಿ99 ಶೇ 62ಕ್ಕೆ, ಮೆಮೊರಿ ಶೇ 81ಕ್ಕೆ ಬರುತ್ತದೆ. ನನ್ನ ರೂಢಿ: ಇಳಿಸಿದ ಮೇಲೆ ಸಿಪಿಯು ಪಿ99 ಶೇ 65ರೊಳಗೆ, ಮೆಮೊರಿ ಗರಿಷ್ಠ ಶೇ 80ರೊಳಗೆ ಇರಬೇಕು. ಇಲ್ಲಿ ಮೆಮೊರಿ ಗಡಿಯ ಮೇಲೆ ನಿಂತಿದೆ. ಇಂಥ ಕಡೆ ಅಂಕಿ ಸಾಲದು, ಒಳಗೆ ಏನಿದೆ ನೋಡಬೇಕು. ಆ 13 ಜಿಬಿಯಲ್ಲಿ 8 ಜಿಬಿ ಜಾವಾ ಹೀಪ್ (ಜಾವಾ ಪ್ರೋಗ್ರಾಂ ಬಳಸುವ ಮೆಮೊರಿ) ಆಗಿದ್ದು, ಅದರ ಮಿತಿಯನ್ನು ಸೆಟ್ಟಿಂಗ್‌ನಲ್ಲೇ ಕಟ್ಟಿಹಾಕಿದ್ದರೆ ಆ ಭಾಗ ಬೆಳೆಯುವುದಿಲ್ಲ, ಧೈರ್ಯವಾಗಿ ಇಳಿಸಬಹುದು. ಪ್ರತಿ ಬಳಕೆದಾರನಿಗೂ ಒಂದೊಂದು ಪ್ರೋಸೆಸ್ ಎಬ್ಬಿಸುವ ಪಿಎಚ್‌ಪಿ ಸರ್ವರ್ ಆಗಿದ್ದರೆ ಗ್ರಾಹಕರು ಹೆಚ್ಚಿದಂತೆ ಮೆಮೊರಿಯೂ ಏರುತ್ತದೆ. ಆಗ 4 ವಿಸಿಪಿಯು, 32 ಜಿಬಿಯ ಆರ್5.ಎಕ್ಸ್‌ಲಾರ್ಜ್ ಸರಿ.

ದುಡ್ಡಿನ ಲೆಕ್ಕ. ಹೋಲಿಕೆಗೆ ನಾರ್ತ್ ವರ್ಜೀನಿಯಾದ ಲಿನಕ್ಸ್ ಆನ್-ಡಿಮ್ಯಾಂಡ್ (ಕರಾರಿಲ್ಲದ) ದರ ಹಿಡಿದಿದ್ದೇನೆ, ಮುಂಬೈ ದರ ಇದಕ್ಕಿಂತ ಬೇರೆ. ತಿಂಗಳಿಗೆ 730 ಗಂಟೆ. ಎಂ5.2ಎಕ್ಸ್‌ಲಾರ್ಜ್ ಗಂಟೆಗೆ 0.384 ಡಾಲರ್, ತಿಂಗಳಿಗೆ ಸುಮಾರು 280. ಆರ್5.ಎಕ್ಸ್‌ಲಾರ್ಜ್ 0.252, ಅಂದರೆ 184. ಎಂ5.ಎಕ್ಸ್‌ಲಾರ್ಜ್ 0.192, ಅಂದರೆ 140. ಅಂಜಿಕೆ ಇದ್ದವರು ಆರ್5 ಆರಿಸಿದರೂ ತಿಂಗಳಿಗೆ 96 ಡಾಲರ್ ಉಳಿಯಿತು. ಮೊದಲ ಸಲ ಅಷ್ಟೇ ಸಾಕು.

ಸಿಪಿಯು, ಮೆಮೊರಿ ಜೊತೆ ಇಳಿಯುವ ಇನ್ನೊಂದಿದೆ, ಅದನ್ನು ಬಹಳಷ್ಟು ಮಂದಿ ಮರೆಯುತ್ತಾರೆ: ಡಿಸ್ಕಿನ ದಾರಿಯ ಅಗಲ. ಎಂ5.2ಎಕ್ಸ್‌ಲಾರ್ಜ್‌ಗೆ ಇಬಿಎಸ್ (ನೆಟ್‌ವರ್ಕ್ ಮೂಲಕ ಅಂಟಿಸಿದ) ಡಿಸ್ಕಿನ ಜೊತೆ ನಿರಂತರವಾಗಿ ಸೆಕೆಂಡಿಗೆ 2300 ಮೆಗಾಬಿಟ್ ಸಿಗುತ್ತದೆ, ಎಕ್ಸ್‌ಲಾರ್ಜ್‌ಗೆ 1150, ಲಾರ್ಜ್‌ಗೆ 650. ಮೂರೂ ಸ್ವಲ್ಪ ಹೊತ್ತು 4750ರವರೆಗೆ ಜಿಗಿಯಬಲ್ಲವು. ಅರ್ಧ ಗಂಟೆಯ ಆ ಜಿಗಿತ ಮುಗಿದ ಮೇಲೆ ಆ ನಿರಂತರ ಮಟ್ಟಕ್ಕೆ, ಅಂದರೆ ಬೇಸ್‌ಲೈನಿಗೆ, ಇಳಿಯುತ್ತವೆ. ಹಗಲು ಎಲ್ಲ ಚೆನ್ನಾಗಿದ್ದು, ರಾತ್ರಿಯ ಬ್ಯಾಕಪ್ ಮಾತ್ರ ಬೆಳಗಾದರೂ ಮುಗಿಯುತ್ತಿಲ್ಲ ಎಂದರೆ ಕಾರಣವನ್ನು ಇಲ್ಲಿ ಹುಡುಕಿ.

ಕೈ ಲೆಕ್ಕ ಮುಗಿದ ಮೇಲೆ ಕಂಪ್ಯೂಟ್ ಆಪ್ಟಿಮೈಜರ್ ಆನ್ ಮಾಡಿ, ಮೂಲ ಸೇವೆ ಉಚಿತ. ಕನಿಷ್ಠ 30 ಗಂಟೆಯ ಅಂಕಿ ಸಿಕ್ಕ ಮೇಲೆ ಅದು ಪ್ರತಿ ಸರ್ವರ್‌ಗೂ ‘ಹೆಚ್ಚಾಯಿತು’, ‘ಸಾಲದು’, ‘ಸರಿಯಿದೆ’ ಎಂಬಂತೆ ಹೇಳಿ, ಪರ್ಯಾಯಗಳನ್ನೂ ಅಪಾಯದ ಮಟ್ಟವನ್ನೂ ತೋರಿಸುತ್ತದೆ. ಅದರ ಮಾತನ್ನು ಎರಡನೇ ಅಭಿಪ್ರಾಯದಂತೆ ತೆಗೆದುಕೊಳ್ಳಿ. ನಿಮ್ಮ ಲೆಕ್ಕಕ್ಕೂ ಅದರ ಲೆಕ್ಕಕ್ಕೂ ತಾಳೆಯಾಗದ ಸರ್ವರ್‌ಗಳೇ ಕೂತು ನೋಡಬೇಕಾದವು.

ಟಿ ಕುಟುಂಬದ ಸರ್ವರ್‌ಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು

ಟಿ3 ಅಗ್ಗ ಎಂದು ಎಲ್ಲವನ್ನೂ ಅದಕ್ಕೆ ಇಳಿಸುವ ಆಸೆ ಬರುತ್ತದೆ. ಅದರಲ್ಲಿ ಸಿಪಿಯು ಪೂರ್ತಿ ನಿಮ್ಮದಲ್ಲ. ಟಿ3.ಮೀಡಿಯಂನ 2 ವಿಸಿಪಿಯುಗಳಿಗೆ ತಲಾ ಶೇ 20 ಬೇಸ್‌ಲೈನ್. ಅದಕ್ಕಿಂತ ಹೆಚ್ಚು ಓಡಲು ಕೂಡಿಟ್ಟ ಕ್ರೆಡಿಟ್ ಬೇಕು: ಗಂಟೆಗೆ 24 ಕ್ರೆಡಿಟ್ ಜಮೆಯಾಗುತ್ತದೆ, ಗರಿಷ್ಠ 576 ಕೂಡಿಡಬಹುದು. ಒಂದು ವಿಸಿಪಿಯು ಒಂದು ನಿಮಿಷ ಪೂರ್ತಿ ಓಡಿದರೆ ಒಂದು ಕ್ರೆಡಿಟ್ ಖರ್ಚು.

ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಶೇ 60, ಉಳಿದ ಹೊತ್ತು ಶೇ 5 ಓಡುವ ಸರ್ವರ್ ಎಂದುಕೊಳ್ಳಿ. ಹಗಲು ಗಂಟೆಗೆ 72 ಖರ್ಚು, 24 ಜಮೆ, ಅಂದರೆ 48 ಕೊರತೆ. ಮೊದಲ ದಿನ 576ರಿಂದ ಶುರುವಾಗಿ ರಾತ್ರಿ 8ಕ್ಕೆ 96 ಉಳಿಯುತ್ತದೆ. ರಾತ್ರಿಯ 14 ಗಂಟೆಗಳಲ್ಲಿ ಗಂಟೆಗೆ 18ರಂತೆ 252 ಸೇರಿ ಬೆಳಿಗ್ಗೆ 348. ಎರಡನೇ ದಿನ ಅದು ಏಳೂಕಾಲು ಗಂಟೆಗೆ ಮುಗಿಯುತ್ತದೆ. ಸಂಜೆ 5:15ಕ್ಕೆ ಸರ್ವರ್ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಮೊದಲ ದಿನ ಪರೀಕ್ಷೆ ಮಾಡಿ ಸೈ ಎಂದವರಿಗೆ ಇದು ಅರ್ಥವೇ ಆಗುವುದಿಲ್ಲ.

ಹೀಗೆ ಮಂಕಾಗುವುದು ಸ್ಟಾಂಡರ್ಡ್ ಮೋಡ್‌ನಲ್ಲಿ. ಟಿ2 ಹುಟ್ಟುತ್ತಲೇ ಸ್ಟಾಂಡರ್ಡ್, ಟಿ3 ಹುಟ್ಟುತ್ತಲೇ ಅನ್‌ಲಿಮಿಟೆಡ್. ಅನ್‌ಲಿಮಿಟೆಡ್‌ನಲ್ಲಿ ವೇಗ ಇಳಿಯುವುದಿಲ್ಲ, ಕೊರತೆಗೆ ಲಿನಕ್ಸ್‌ನಲ್ಲಿ ವಿಸಿಪಿಯು-ಗಂಟೆಗೆ 0.05 ಡಾಲರ್ ಬಿಲ್ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ದಿನದ ಕೊರತೆ 228 ಕ್ರೆಡಿಟ್, ಅಂದರೆ 3.8 ವಿಸಿಪಿಯು-ಗಂಟೆ, ದಿನಕ್ಕೆ 19 ಸೆಂಟ್, ತಿಂಗಳಿಗೆ ಆರು ಡಾಲರ್‌ಗೂ ಕಡಿಮೆ. ಟಿ3.ಲಾರ್ಜ್‌ಗೆ ಹೋದರೆ ಹೆಚ್ಚುವರಿ 30 ಡಾಲರ್. ಹಾಗಾಗಿ ಇಲ್ಲಿ ಅನ್‌ಲಿಮಿಟೆಡ್ ಬಿಟ್ಟು ಸುಮ್ಮನಿರುವುದೇ ಲಾಭ. ಹಗಲು ರಾತ್ರಿ ಶೇ 60 ಓಡುವ ಸರ್ವರ್ ಆಗಿದ್ದರೆ ಕೊರತೆಯ ಬಿಲ್ ಬಹಳ ಏರುತ್ತದೆ, ಲೆಕ್ಕವನ್ನು ಹೊಸದಾಗಿ ಮಾಡಬೇಕು. ಸಿಪಿಯು ಕ್ರೆಡಿಟ್ ಬ್ಯಾಲೆನ್ಸ್ ಎಂಬ ಗ್ರಾಫ್ ನೋಡದೆ ಟಿ ಸರ್ವರ್‌ನ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ.

ಹೆಜ್ಜೆ 6: ಬದಲಿಸುವ ದಿನ

ಮಂಗಳವಾರ ಅಥವಾ ಬುಧವಾರ, ಜನ ಕಡಿಮೆ ಇರುವ ಹೊತ್ತು ಆರಿಸಿ. ಶುಕ್ರವಾರ ಸಂಜೆ ಬೇಡ. ನಿಲುಗಡೆ ಸಾಮಾನ್ಯವಾಗಿ ಕೆಲವೇ ನಿಮಿಷ, ಆದರೂ ಅರ್ಧ ಗಂಟೆ ಎಂದು ಗ್ರಾಹಕರಿಗೆ ತಿಳಿಸಿ.

ಹಿಂದಿನ ದಿನವೇ ನೋಡಿಕೊಳ್ಳಬೇಕಾದವು ಕೆಲವಿವೆ. ಪಬ್ಲಿಕ್ ಐಪಿ ಎಲಾಸ್ಟಿಕ್ಕೋ ಅಲ್ಲವೋ? ಅಲ್ಲದಿದ್ದರೆ ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿದಾಗ ವಿಳಾಸ ಬದಲಾಗಿ, ಡೊಮೇನ್ ಹಳೆಯ ಕಡೆಗೇ ತೋರಿಸುತ್ತಿರುತ್ತದೆ. ಪ್ರೈವೇಟ್ ಐಪಿ ಹಾಗೇ ಉಳಿಯುತ್ತದೆ. ಸರ್ವರ್‌ಗೆ ಇನ್‌ಸ್ಟನ್ಸ್ ಸ್ಟೋರ್ (ಯಂತ್ರಕ್ಕೇ ಸೇರಿದ ತಾತ್ಕಾಲಿಕ) ಡಿಸ್ಕ್ ಇದೆಯೇ? ಅದರಲ್ಲಿ ಇದ್ದದ್ದೆಲ್ಲ ಸ್ಟಾಪ್ ಆದ ಕೂಡಲೇ ಹೋಗುತ್ತದೆ. ಟಿ2, ಎಂ4ರಂಥ ಹಳೆಯ ತಲೆಮಾರಿನಿಂದ ಟಿ3, ಎಂ5ಕ್ಕೆ ಹೋಗುತ್ತಿದ್ದರೆ ಇಎನ್‌ಎ (ನೆಟ್‌ವರ್ಕ್) ಮತ್ತು ಎನ್‌ವಿಎಂಇ (ಡಿಸ್ಕ್) ಡ್ರೈವರ್‌ಗಳು ಇವೆಯೇ? ಅಲ್ಲಿ ಡಿಸ್ಕಿನ ಹೆಸರೂ ಬದಲಾಗುತ್ತದೆ. ಸರ್ವರ್ ಏಳುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಡಿಸ್ಕನ್ನು ಹಳೆಯ ಹೆಸರಿನಿಂದ ಬರೆದಿದ್ದರೆ ಸರ್ವರ್ ಏಳದೆ ನಿಲ್ಲಬಹುದು, ಯುಯುಐಡಿಯಿಂದ (ಡಿಸ್ಕಿನ ಬದಲಾಗದ ಗುರುತಿನಿಂದ) ಬರೆದರೆ ತೊಂದರೆ ಇಲ್ಲ. ಆಮೇಲೆ ನಾನು ಮಾಡಿದ ತಪ್ಪು: ಬಫರ್ ಪೂಲ್, ಜಾವಾ ಹೀಪ್, ವರ್ಕರ್‌ಗಳ ಸಂಖ್ಯೆ, ಹೀಗೆ ಹಳೆಯ ಮೆಮೊರಿಗೆ ತಕ್ಕಂತೆ ಬರೆದಿಟ್ಟ ಸೆಟ್ಟಿಂಗ್‌ಗಳನ್ನು ಹೊಸ ಗಾತ್ರಕ್ಕೆ ಇಳಿಸಿ.

ಆ ದಿನದ ಕೆಲಸ ಹೀಗೆ ಸಾಗಲಿ: ಅಪ್ಲಿಕೇಶನ್ ನಿಲ್ಲಿಸಿ, ಡೇಟಾಬೇಸ್ ಸರಿಯಾಗಿ ಮುಚ್ಚಿ, ಡಿಸ್ಕುಗಳ ಸ್ನ್ಯಾಪ್‌ಶಾಟ್ ತೆಗೆಯಿರಿ, ಸರ್ವರ್ ಸ್ಟಾಪ್ ಮಾಡಿ. ಆ್ಯಕ್ಷನ್ಸ್ ಮೆನುವಿನ ಇನ್‌ಸ್ಟನ್ಸ್ ಸೆಟ್ಟಿಂಗ್ಸ್‌ನಲ್ಲಿ ಚೇಂಜ್ ಇನ್‌ಸ್ಟನ್ಸ್ ಟೈಪ್ ಒತ್ತಿ ಹೊಸ ಗಾತ್ರ ಕೊಡಿ, ಸ್ಟಾರ್ಟ್ ಮಾಡಿ. ಸ್ಟೇಟಸ್ ಚೆಕ್‌ಗಳೆಲ್ಲ ಹಸಿರಾದ ಮೇಲೆ ನೀವೇ ಗ್ರಾಹಕನಂತೆ ಲಾಗಿನ್ ಆಗಿ ಒಂದು ಬಿಲ್ ಹಾಕಿ ನೋಡಿ. ಹಿಂದಕ್ಕೆ ಹೋಗುವ ದಾರಿ ಇದೇ ಕ್ರಮ, ಟೈಪ್ ಮಾತ್ರ ಹಳೆಯದು. ಯಾವ ಲಕ್ಷಣ ಕಂಡರೆ ಹಿಂದಕ್ಕೆ ಹೋಗಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳಿ, ರಾತ್ರಿ ಹನ್ನೊಂದಕ್ಕೆ ಚರ್ಚೆ ಮಾಡುವ ವಿಷಯ ಅದಲ್ಲ.

ಒಂದೇ ದಿನ ಹತ್ತು ಸರ್ವರ್ ಇಳಿಸಬೇಡಿ. ಟೆಸ್ಟ್ ಸರ್ವರ್ ಮೊದಲು, ನಂತರ ಪ್ರೊಡಕ್ಷನ್‌ನಲ್ಲಿ ಒಂದು, ಒಂದು ವಾರ ನೋಡಿ ಉಳಿದವು. ಮೆಮೊರಿ ಶೇ 85 ದಾಟಿದರೆ, ಸ್ಟೇಟಸ್ ಚೆಕ್ ಬಿದ್ದರೆ, ಟಿ ಸರ್ವರ್ ಆಗಿದ್ದರೆ ಕ್ರೆಡಿಟ್ 100ಕ್ಕಿಂತ ಇಳಿದರೆ ಫೋನಿಗೆ ಬರುವಂತೆ ಅಲಾರಂ ಇಡಿ.

ಹೆಜ್ಜೆ 7: ಮಲಗಿಸುವುದು

ಟೆಸ್ಟ್ ಮತ್ತು ಡೆವಲಪ್‌ಮೆಂಟ್ ಸರ್ವರ್‌ಗಳಲ್ಲಿ ಸೈಜ್ ಇಳಿಸುವುದಕ್ಕಿಂತ ಹೆಚ್ಚು ಉಳಿತಾಯ ಆಗುವುದು ಅವನ್ನು ರಾತ್ರಿ ನಿಲ್ಲಿಸುವುದರಿಂದ. ವಾರಕ್ಕೆ 168 ಗಂಟೆ. ಸೋಮವಾರದಿಂದ ಶುಕ್ರವಾರ, ದಿನಕ್ಕೆ 12 ಗಂಟೆ ಓಡಿದರೆ 60. ಗಂಟೆಯ ಬಾಡಿಗೆಯಲ್ಲಿ ಶೇ 64 ಉಳಿಯಿತು. ಈವೆಂಟ್‌ಬ್ರಿಡ್ಜ್ ಷೆಡ್ಯೂಲರ್‌ನಲ್ಲಿ ಎರಡು ವೇಳಾಪಟ್ಟಿ ಮಾಡಿ, ಒಂದು ಎಬ್ಬಿಸಲು, ಒಂದು ನಿಲ್ಲಿಸಲು. ಟೈಮ್‌ಝೋನ್ ಏಷ್ಯಾ/ಕೋಲ್ಕತ್ತಾ ಎಂದು ಆರಿಸಿದರೆ ಐದೂವರೆ ಗಂಟೆ ಕಳೆಯುವ ತಾಪತ್ರಯ ಇಲ್ಲ. ತಡರಾತ್ರಿ ಕೆಲಸ ಮಾಡುವವರು ತಾವೇ ಎಬ್ಬಿಸಿಕೊಳ್ಳಲು ಅನುಮತಿ ಕೊಡಿ. ಅದಿಲ್ಲದಿದ್ದರೆ ಎರಡೇ ವಾರದಲ್ಲಿ ಯಾರಾದರೂ ವೇಳಾಪಟ್ಟಿಯನ್ನೇ ಅಳಿಸುತ್ತಾರೆ, ಅವರದ್ದು ತಪ್ಪೂ ಅಲ್ಲ.

ಹೆಜ್ಜೆ 8: ಡಿಸ್ಕ್, ಮತ್ತು ಕೊನೆಗೆ ಕರಾರು

ಜಿಪಿ2 ಎಂಬ ಹಳೆಯ ಬಗೆಯ ಡಿಸ್ಕ್ ಇನ್ನೂ ಇದ್ದರೆ ಹೊಸ ಬಗೆಯಾದ ಜಿಪಿ3ಗೆ ಬದಲಿಸಿ. ಸರ್ವರ್ ನಿಲ್ಲಿಸುವ ಅಗತ್ಯ ಇಲ್ಲ, ಪ್ರತಿ ಜಿಬಿಗೆ ಬೆಲೆ ಸುಮಾರು ಶೇ 20 ಕಡಿಮೆ, ಯಾವ ಗಾತ್ರಕ್ಕೂ 3000 ಐಒಪಿಎಸ್ (ಸೆಕೆಂಡಿಗೆ ಆಗುವ ಓದು-ಬರಹಗಳ ಸಂಖ್ಯೆ) ಮತ್ತು ಸೆಕೆಂಡಿಗೆ 125 ಎಂಬಿ ಸಿಗುತ್ತದೆ. ದೊಡ್ಡ ಡಿಸ್ಕಿನಲ್ಲಿ ಎಚ್ಚರ: ಜಿಪಿ2 ಪ್ರತಿ ಜಿಬಿಗೆ 3 ಐಒಪಿಎಸ್ ಕೊಡುವುದರಿಂದ 2000 ಜಿಬಿಗೆ 6000 ಇರುತ್ತದೆ, ವೇಗವೂ 250 ಎಂಬಿವರೆಗೆ. ಬದಲಿಸುವಾಗ ಅಷ್ಟನ್ನು ಕೇಳಿ ಹಾಕಿಸಿಕೊಳ್ಳಿ. ಡಿಸ್ಕನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡಲು ಬರುವುದಿಲ್ಲ. ಚಿಕ್ಕದು ಬೇಕಿದ್ದರೆ ಹೊಸದು ಮಾಡಿ ಡೇಟಾ ನಕಲಿಸಬೇಕು.

ಸೇವಿಂಗ್ಸ್ ಪ್ಲಾನ್‌ನ ಒಂದು ಅಥವಾ ಮೂರು ವರ್ಷದ ಕರಾರಿಗೆ ಸಹಿ ಹಾಕುವುದು ಇಷ್ಟೆಲ್ಲ ಆದ ಮೇಲೆ. ಗಂಟೆಗೆ ಇಷ್ಟು ಡಾಲರ್ ಖರ್ಚು ಮಾಡುತ್ತೇವೆ ಎಂದು ಮಾತು ಕೊಟ್ಟಮೇಲೆ ಸರ್ವರ್ ಇಳಿಸಿದರೂ ಆ ದುಡ್ಡು ಕಟ್ಟಲೇಬೇಕು. ರಿಯಾಯಿತಿ ಸಿಗುತ್ತದೆಂದು ಇದನ್ನೇ ಮೊದಲು ಮಾಡಿ, ಉಬ್ಬಿದ ಬಿಲ್ಲಿಗೆ ಮೂರು ವರ್ಷ ಗಂಟು ಬಿದ್ದ ತಂಡಗಳಿವೆ. ಅಳತೆಗೆ ತಂದು ಎರಡು ತಿಂಗಳು ಬಿಲ್ ಒಂದೇ ಮಟ್ಟದಲ್ಲಿ ಬಂದ ಮೇಲೆ, ಅದರ ಮುಕ್ಕಾಲು ಭಾಗಕ್ಕೆ ಒಂದು ವರ್ಷದ ಕಂಪ್ಯೂಟ್ ಸೇವಿಂಗ್ಸ್ ಪ್ಲಾನ್ ತೆಗೆದುಕೊಳ್ಳುವುದು ನನ್ನ ಸಲಹೆ. ಅದರಲ್ಲಿ ಮುಂದೆ ಕುಟುಂಬ ಬದಲಿಸಿದರೂ ರಿಯಾಯಿತಿ ಉಳಿಯುತ್ತದೆ.

ಇನ್ನು ಉಳಿದದ್ದು ಕ್ಯಾಲೆಂಡರಿನ ಕೆಲಸ. ಜಿಎಸ್‌ಟಿ ಸರ್ವರ್‌ನಂಥದ್ದಕ್ಕೆ ಪ್ರತಿ ತಿಂಗಳು 21ರಂದು, ಎರಡೂ ಗಡುವು ಮುಗಿದ ಮರುದಿನ, ಒಂದು ಗಂಟೆ ಕಾದಿರಿಸಿ. ಶೀಟ್ ತೆರೆದು, ಮಾಲೀಕರ ಹೆಸರಿಲ್ಲದ ಹೊಸ ಸಾಲುಗಳನ್ನು ಮೊದಲು ತುಂಬಿಸಿ. ಆಮೇಲೆ 11 ಮತ್ತು 20ರ ಮೆಮೊರಿ ಗರಿಷ್ಠವನ್ನು ಹಿಂದಿನ ತಿಂಗಳ ಪಕ್ಕದಲ್ಲಿ ಬರೆಯಿರಿ. ಮೂರು ತಿಂಗಳು ಸತತವಾಗಿ ಏರುತ್ತಿದ್ದರೆ ನಾಲ್ಕನೇ ತಿಂಗಳ 9ರೊಳಗೆ ಒಂದು ಗಾತ್ರ ಮೇಲಕ್ಕೆ ಏರಿಸಿ.